ಮಿಡಿಗೇಶಿ ದಾರಿ, ಇಪ್ಪತ್ತು ಲೀಟರ್

ಇಳಿಸು ತಿಪ್ಪೇಶ, ಕ್ಯಾನು ಕೆಳಗಿಳಿಸು.
ಗಾಡಿ ಮೇಲೇ ಇಟ್ಟು ತುಂಬಿಸಿದರೆ ಏನಾಗುತ್ತೆ ಅಂತೀಯ.
ರಬ್ಬರ್ ಮ್ಯಾಟಿನ ಮೇಲೆ ಕೂತ ಕ್ಯಾನಿಗೆ
ನೆಲದ ನಂಟಿಲ್ಲ.
ಚಳಿಗಾಲದಲ್ಲಿ ಸ್ವೆಟರ್ ಬಿಚ್ಚುವಾಗ
ಕತ್ತಲಲ್ಲಿ ಚಿಟಪಟ ಅನ್ನುತ್ತಲ್ಲ,
ಅಷ್ಟು ಸಾಕು ಅದಕ್ಕೆ.
ಮಣ್ಣು ಮುಟ್ಟಲಿ. ನಳಿಕೆ ಬಾಯಿಗೆ ಒರಗಿಕೊಂಡಿರಲಿ.
ನಿಧಾನ.

ಕಂಠಮಟ್ಟ ಬೇಡ, ನಾಲ್ಕು ಬೆರಳು ಬಿಡು.
ಬಿಸಿಲಿಗೆ ಉಬ್ಬುತ್ತೆ ಇದು,
ಬೀಗರ ಮನೆಗೆ ಬಂದ ಗಂಡಿನ ಚಿಕ್ಕಪ್ಪನ ಹಾಗೆ,
ಜಾಗ ಕೊಡದಿದ್ದರೆ ರಂಪ.

ಈ ಬಂಕಿನ ನಾಗಭೂಷಣ ಇದಾನಲ್ಲ,
ಮೊದಲ ವರ್ಷ ನನ್ನ ನೀಲಿ ಪ್ಲಾಸ್ಟಿಕ್ ಕ್ಯಾನು ನೋಡಿ
ಮೂರು ಸಲ ವಾಪಸ್ ಕಳಿಸಿದ.
ತಗಡಿನದು ತನ್ನಿ ಅಕ್ಕ, ಬಿರಡೆ ಬಿಗಿಯಾಗಿರಲಿ,
ಮಾರೋಕಲ್ಲ ತಾನೆ? ಮೂವತ್ತು ಲೀಟರ್ ದಾಟಬೇಡಿ,
ದಾಟಿದರೆ ಲೈಸೆನ್ಸು.
ಎಷ್ಟು ಬೈದೆ ಅವನನ್ನ, ಮಧುಗಿರಿ ಬೆಟ್ಟಕ್ಕೇ ಕೇಳಿಸೋ ಹಾಗೆ.
ಈ ರಾತ್ರಿ ಮಿಡಿಗೇಶಿ ನಾಟಕಕ್ಕೆ ಅವನೇ ರಾಜಪಾರ್ಟು.
ನಮ್ಮ ಜನರೇಟರ್ ಉಸಿರಾಡಿದರೆ
ಅವನ ಕಿರೀಟ ಹೊಳೆಯಬೇಕು.

ಕ್ಯಾಬಿನ್ ಒಳಗೆ ಬೇಡ, ನಾವು ಉಸಿರಾಡೋ ಜಾಗ ಅದು.
ಹಿಂದೆ, ಎಡಗಂಬಿಗೆ, ನೆಟ್ಟಗೆ ನಿಲ್ಲಿಸಿ ಕಟ್ಟು.
ಬ್ಯಾಟರಿ ಆ ಕಡೆ. ಸಿಂಹಾಸನ ಈ ಕಡೆ.
ಅರಮನೆ ಪರದೆ ಸುತ್ತಿಟ್ಟಿದೀನಿ, ಅದರ ಮೇಲೆ ಒರಗಿಸಬೇಡ.
ಒಂದು ತೊಟ್ಟು ಸೋರಿದರೂ
ರಾತ್ರಿಯೆಲ್ಲ ಅರಮನೆ ಬಂಕಿನ ವಾಸನೆ ಹೊಡೆಯುತ್ತೆ.
ಟಾರ್ಪಾಲು ನೆರಳಿಗೆ ಮಾತ್ರ. ಗಾಳಿ ಆಡಲಿ.

ಹಾರ್ಮೋನಿಯಂ ಮೇಷ್ಟ್ರು ಹಿಂದೆ ಕೂರ್ತೀನಿ ಅಂದರು.
ಜೇಬಲ್ಲಿ ಬೀಡಿ ಕಟ್ಟು, ಕಿವಿ ಮೇಲೆ ಇನ್ನೊಂದು.
ಬಸ್ಸಿಗೆ ಕಾಸು ಕೊಟ್ಟೆ.
ಮುನಿಸಿಕೊಂಡರು. ಮುನಿಸಿಕೊಳ್ಳಲಿ,
ಮೊದಲ ಪದಕ್ಕೆ ಶ್ರುತಿ ಹಿಡಿಯುವ ಹೊತ್ತಿಗೆ ಸರಿಹೋಗುತ್ತಾರೆ.

ನನಗೆ ಕೆಲಸ ಕಲಿಸಿದ ಕಾಟಲಿಂಗಣ್ಣನಿಗೆ ಹುಬ್ಬಿರಲಿಲ್ಲ.
ಓಡುತ್ತಿದ್ದ ಮೆಷಿನ್ನಿಗೇ ಪೆಟ್ರೋಲ್ ಸುರಿದಿದ್ದ,
ಕಥೆ ನಿಲ್ಲಬಾರದು ಅಂತ.
ಮಗಳ ಧಾರೆ ದಿನ ಮೇಕಪ್ಪಿನ ರುದ್ರಯ್ಯ
ಕಾಡಿಗೆಯಲ್ಲಿ ಎರಡು ಹುಬ್ಬು ಬರೆದುಕೊಟ್ಟ.
ಮಗಳನ್ನು ಕಳಿಸುವಾಗ ಅವು ಕರಗಿ
ಕೆನ್ನೆ ತನಕ ಬಂದವು.
ಯಾರೂ ನಗಲಿಲ್ಲ.

ಚೆಕ್‌ಪೋಸ್ಟಿನಲ್ಲಿ ಪೊಲೀಸಪ್ಪ ಟಾರ್ಚು ಬಿಟ್ಟ.
ಕ್ಯಾನು ನೋಡಿದ, ಹಗ್ಗ ಎಳೆದ,
ಸೀಟಿನ ಹಿಂದಿನ ಕೆಂಪು ಸಿಲಿಂಡರಿನ ತಾರೀಖು ಓದಿದ.
ಬಿಲ್ಲು ಕೇಳಿದ, ಕೊಟ್ಟೆ.
ಯಾವ ನಾಟಕ, ಅಂದ.
ಮುಂದಿನ ಸಾಲಲ್ಲಿ ಒಂದು ಕುರ್ಚಿ ಹಿಡಿದಿಡೋಕಾಗುತ್ತಾ, ಅಂದ.

ರಾತ್ರಿ ಎರಡು ಗಂಟೆ. ರಾಜ ಗದೆ ಎತ್ತಿದಾನೆ.
ಮೆಷಿನ್ನು ಗೊರ್ರ್ ಅಂತು. ನಾನು ಆಫ್ ಮಾಡಿದೆ.
ಜನ ಓ ಅಂದರು, ಶಿಳ್ಳೆ, ಬೈಗುಳ,
ಯಾವಳೋ ಅವಳು ಲೈಟಿನವಳು ಅಂತ.
ಬೈಯಲಿ. ಇಂಜಿನ್ ಆರಲಿ.
ಯಾರೂ ಬೆಂಕಿಕಡ್ಡಿ ಗೀರಬೇಡಿ ಅಂತ ಕೂಗಿದೆ,
ಮೈಕಿಲ್ಲದೆ.

ಆಗ ಕತ್ತಲೊಳಗಿಂದ ನಾಗಭೂಷಣ ಹಾಡಿದ.
ಬೆಳಕಿಲ್ಲ, ಕಿರೀಟ ಕಾಣದು, ಬರೀ ಗಂಟಲು.
ಬಸ್ಸಲ್ಲಿ ಬಂದ ಮೇಷ್ಟ್ರು ಕೆಳಗಿನ ಸ್ವರ ಹಿಡಿದರು.
ಬೆಳಗಿಂದ ಲೀಟರ್ ಲೀಟರ್ ಅಳೆದುಕೊಟ್ಟ ಕೈ
ಗಾಳಿಯಲ್ಲಿ ಎಲ್ಲೋ ಏಳುತ್ತಿರಬೇಕು, ನನಗೆ ಕಾಣಲಿಲ್ಲ.
ನಾಯಿಗಳೂ ಸುಮ್ಮನಾದವು.
ಟಾರ್ಚನ್ನ ದೂರದಲ್ಲಿ ಹಿಡಿದು ನೀನು ನಿಂತಿದ್ದೆ,
ನಾನು ಬಿರಡೆಯನ್ನ ಅರ್ಧ ತಿರುಗಿಸಿ, ಕಾದೆ,
ಉಸ್ ಅಂತ ಒಳಗಿನ ಬಿಸಿ ಬಿಟ್ಟುಕೊಟ್ಟಿತು,
ಆಮೇಲೆ ಸುರಿದೆ.
ಪದ ಮುಗಿಯುವ ತನಕ ಹಗ್ಗ ಎಳೆಯಲಿಲ್ಲ ನಾನು,
ಮೆಷಿನ್ ಆರಿ ತಣ್ಣಗಾಗಿತ್ತು, ಆದರೂ.

ಈಗ ಬೆಳಗಾಯ್ತು. ಖಾಲಿ ಅಂತ ಕ್ಯಾನನ್ನ ಎಸೆಯಬೇಡ ತಿಪ್ಪೇಶ.
ತುಂಬಿದ್ದಕ್ಕಿಂತ ಖಾಲಿಯದಕ್ಕೇ ಪೊಗರು ಜಾಸ್ತಿ,
ಒಳಗೆ ಆವಿ ಕೂತಿರುತ್ತೆ.
ಬಿರಡೆ ಬಿಗಿ. ಅದೇ ಗಂಬಿಗೆ, ಅದೇ ಗಂಟು.
ಮುಂದೆ ಬಂಕಿನ ಹತ್ತಿರ ನಿಲ್ಲಿಸು,
ಏಳು ಗಂಟೆಗೆ ಅವನ ಡ್ಯೂಟಿ.
ಹಣೆ ಮೇಲೆ ಇನ್ನೂ ಬಣ್ಣ ಇದೆ, ನೋಡು,
ಒರಗಿದವನು ಸಿಂಹಾಸನಕ್ಕೇ ನಿದ್ದೆ ಹೋಗಿದಾನೆ.