ಹೊರತು

ದುರ್ಗಿಗುಡಿಯ ಎರಡನೇ ಮಹಡಿ. ಫ್ಯಾನು ಕೆಟ್ಟಿದೆ.
ಹೊರದೇಶಗಳ ಒಪ್ಪಂದವೊಂದು ನಮ್ಮ ಕಾಯ್ದೆಯಾಗಬೇಕಂತೆ,
ಕನ್ನಡಕ್ಕೆ ತರುತ್ತಿದ್ದೇನೆ, ಪುಟಕ್ಕೆ ನೂರ ಎಂಬತ್ತು.

'ಆಯವ್ಯಯ ಸಮತೂಕದಲ್ಲಿರತಕ್ಕದ್ದು.'
ಸುಲಭ. ಎಲ್ಲ ಕಾನೂನೂ
ಈ ತಕ್ಕದ್ದಿನ ಗೂಟಕ್ಕೇ ಕಟ್ಟಿದ ದನ.

ಆಮೇಲೆ ಬಂತು: 'ಅಸಾಧಾರಣ ಸಂದರ್ಭಗಳ ಹೊರತು.'
ಯಾವುದು ಅಸಾಧಾರಣ?
ಅಡಿಟಿಪ್ಪಣಿ ಇನ್ನೊಂದು ಅಡಿಟಿಪ್ಪಣಿಯ ಕಡೆ ಕೈತೋರಿಸುತ್ತದೆ.

ಖಜಾನೆಯಲ್ಲಿ ಮೂವತ್ತೆರಡು ಮಾರ್ಚ್ ಕಂಡ
ಹಾಲೇಶಪ್ಪನವರನ್ನು ಕೇಳಿದೆ.
ಮಾತಾಡದೆ ಛತ್ರಿ ತೆಗೆದುಕೊಂಡರು.
ಹೊಳೆ ದಂಡೆವರೆಗೂ ನಡೆಸಿದರು.

'ಆ ಕಲ್ಲುಮಂಟಪ ಮುಳುಗಿದರೆ
ತುಂಗೆ ತುಂಬಿದಳು ಅಂತ ಊರೇ ಒಪ್ಪುತ್ತೆ.
ಯಾರೂ ಗೆಜೆಟ್ ಕೇಳಲ್ಲ.
ನಿಮ್ಮ ಕಾಯ್ದೆಗೆ ಮಂಟಪ ಎಲ್ಲಿದೆ?'

ಮಂಟಪದ ತಲೆ ಇನ್ನೂ ಗೇಣುದ್ದ ಕಾಣುತ್ತಿತ್ತು.
ಸೇತುವೆ ಮೇಲೆ ಹುಡುಗರು ಬಾಜಿ ಕಟ್ಟಿದ್ದರು,
ಇವತ್ತೋ, ನಾಳೆಯೋ.
ತಗ್ಗಿನ ಕೇರಿಯಲ್ಲಿ ಒಬ್ಬಳು ಆಗಲೇ
ಮೊಣಕಾಲುದ್ದ ನೀರಲ್ಲಿ ನಿಂತು
ಅಕ್ಕಿ ಡಬ್ಬಿಯನ್ನು ಅಟ್ಟಕ್ಕೇರಿಸುತ್ತಿದ್ದಳು.

ಹಾಲೇಶಪ್ಪನವರೂ ನೋಡಿದರು. ಛತ್ರಿ ಮಡಿಸಿದರು,
ಮಳೆಯಿದ್ದರೂ.

ವಾಪಸು ಬಂದು 'ಹೊರತು' ಅಂತಲೇ ಬರೆದೆ.
ಅಂಚಿನಲ್ಲಿ, ಪೆನ್ಸಿಲ್ಲಿನಲ್ಲಿ:
ಯಾರ ಹೊಸ್ತಿಲಿಂದ ಅಳೆಯುವುದು?

ಕರಡು ತಿದ್ದಿದವರು ಅದನ್ನು ಅಳಿಸಿದ್ದಾರೆ.
ನೂರ ಎಂಬತ್ತು ಬಂದಿದೆ.