ಎರಡು ಬೆರಳು

ಮಾಹುಲಿನ ಗೇಟಿನಲ್ಲಿ ಮೊದಲು ಕಿತ್ತುಕೊಳ್ಳುವುದು ಬೆಂಕಿಪೊಟ್ಟಣ,
ಆಮೇಲೆ ಮೊಬೈಲು,
ಆಮೇಲೆ ಹೆಸರು. ಬಿಲ್ಲೆಯ ಮೇಲೆ ನಾನು
ಕೋಲ್ಡ್ ಕಟರ್, ನಂಬರು ಎಪ್ಪತ್ತೊಂದು.

ಹದಿನಾಲ್ಕು ವರ್ಷ ನಾನೂ ಬೆಂಕಿಯವನೇ.
ದಾರುಖಾನೆಯಲ್ಲಿ ಹಡಗು ಸುಲಿಯುತ್ತಿದ್ದೆ,
ಗ್ಯಾಸಿನ ನೀಲಿ ನಾಲಿಗೆಗೆ ಉಕ್ಕು
ಬೆಲ್ಲದ ಪಾಕದ ಹಾಗೆ ಇಳಿಯುತ್ತಿತ್ತು.

ಇಲ್ಲಿ ಹಾಗಿಲ್ಲ. ಈ ಪೈಪಿನ ಹೊಟ್ಟೆಯಲ್ಲಿ ನಾಫ್ತಾ ಹರಿದಿದೆ.
ತೊಳೆದಿದ್ದಾರೆ, ಹಬೆ ಹಾಯಿಸಿದ್ದಾರೆ,
ಆದರೂ ಸೇಫ್ಟಿಯ ಪರೇರಾ ಬಾಯಿ ಮೀಟರು ಹಿಡಿದು ಅನ್ನುತ್ತಾಳೆ:
ಹಳೇ ಸಿಟ್ಟು, ತೊಳೆದರೆ ಹೋಗೋದಲ್ಲ.

ಎರಡು ಅರ್ಧ ಬಳೆ. ಪೈಪಿಗೆ ತೊಡಿಸಿ
ಬೋಲ್ಟು ಬಿಗಿಯುತ್ತೇವೆ, ನಾನು, ಹೆಲ್ಪರ್ ದಾಜಿ ಘಾಡಿ.
ಗಾಳಿಯ ಮೋಟಾರು ಗುರುಗುಟ್ಟಿ ಬಳೆ ತಿರುಗುತ್ತದೆ.
ನಕ್ಷತ್ರದಂಥ ಗಾಲಿ ಮೊಳೆಗೆ ತಾಗಿ ಟಿಕ್ ಅಂದಾಗೊಮ್ಮೆ
ಹಲ್ಲು ಒಂದು ಕೂದಲೆಳೆ ಕೆಳಗಿಳಿಯುತ್ತದೆ.
ಟಿಕ್.
ಇನ್ನೊಂದು ಸುತ್ತು.
ಟಿಕ್.

ದಾಜಿ ಹಾಲುಬಣ್ಣದ ಸೋಪಿನ ನೀರು ಹನಿಸುತ್ತಾನೆ.
ಸುರುಳಿ ಬಿದ್ದ ಉಕ್ಕು ಮುಟ್ಟಿದರೆ ಬೆಚ್ಚಗಷ್ಟೇ,
ಯಾರೋ ಈಗ ಎದ್ದುಹೋದ
ಲೋಕಲಿನ ಸೀಟಿನ ಹಾಗೆ.

ಹತ್ತು ನಿಮಿಷದ ಕೆಲಸಕ್ಕೆ ಮೂರು ತಾಸು.
ದುಬೆ ಸಾಹೇಬ ಬಾಯಿಬಿಟ್ಟು ಹೇಳುವುದಿಲ್ಲ, ಗಡಿಯಾರ ನೋಡುತ್ತಾನೆ.
ನನಗೆ ಅವಸರವಿಲ್ಲ.
ಅವಸರ ಇದ್ದದ್ದು ಬಂದಗೀಸಾಬನಿಗೆ. ಖಾಲಿ ಟ್ಯಾಂಕು ಖಾಲಿಯಲ್ಲ ಎಂದು
ಅವನಿಗೆ ಮೊದಲು ತಿಳಿಯಿತು, ನನಗೆ ಆಮೇಲೆ.
ಒಂದು ವಾರ ಅವನ ಚಪ್ಪಲಿ ದಂಡೆಯಲ್ಲೇ ಇದ್ದವು.
ಅದಿರಲಿ.

ಗೋಡೆ ತೆಳುವಾದಂತೆ ಪೈಪಿನ ದನಿ
ಹೊಟ್ಟೆಯಿಂದ ಗಂಟಲಿಗೆ ಬರುತ್ತದೆ. ನಿಲ್ಲಿಸು ಅಂದೆ.
ಹಿತ್ತಾಳೆಯ ಸುತ್ತಿಗೆಯಲ್ಲಿ ಬೆಣೆ ಹೊಡೆದೆವು.
ಮತ್ತೆ ನಾಲ್ಕು ಸುತ್ತು.

ಕೊನೆಯ ಎಳೆ ಕಡಿದಾಗ
ಕಿಡಿಯಿಲ್ಲ, ಸದ್ದೂ ಅಂಥದ್ದೇನಿಲ್ಲ.
ಬೆಣೆಯನ್ನು ಉದುರಿಸಿ, ಪೈಪು ಪಕ್ಕಕ್ಕೆ ಸರಿಯಿತು,
ಎರಡು ಬೆರಳು.

ನಲವತ್ತು ವರ್ಷದ ಕೆಳಗೆ ಯಾವನೋ ಫಿಟ್ಟರು
(ಹೊತ್ತು ಮುಳುಗುತ್ತಿತ್ತೋ,
ದುಬೆಯಂಥವನೊಬ್ಬ ಬೆನ್ನ ಹಿಂದೆ ನಿಂತಿದ್ದನೋ)
ಅಳತೆ ತಪ್ಪಿದ ಪೈಪಿಗೆ ಚೈನು ಬಿಗಿದು, ಎಳೆದು,
ಎಂಟು ಬೋಲ್ಟು ಕೂರಿಸಿ ಮನೆಗೆ ಹೋಗಿದ್ದ.
ಎಳೆದಲ್ಲೇ ನಿಂತಿತ್ತು ಅಂದಿನಿಂದ,
ಬಣ್ಣದ ಮೇಲೆ ಬಣ್ಣ ಬಳಿಸಿಕೊಂಡು,
ನೋಡಿದವರಿಗೆಲ್ಲ ನೆಟ್ಟಗೆ.

ದುಬೆ ಬರೆಸಿದ: ಕಟ್ ಓಕೆ.
ವಾಲಿಕೆ ಮೂವತ್ತೆಂಟು ಮಿಲಿಮೀಟರು.

ಗ್ಲೌಸು ಬಿಚ್ಚಿ ಅಂಚಿಗೆ ಹೆಬ್ಬೆರಳು ಇಟ್ಟೆ.
ತಣ್ಣಗಿತ್ತು. ಹೊಳೆಯುವ ಆ ಉಂಗುರದಲ್ಲಿ
ಚಿಮಣಿ ತುದಿಯ ಜ್ವಾಲೆ,
ಈ ಕಾಂಪೌಂಡಿನಲ್ಲಿ ಪರವಾನಿಗೆ ಇರುವ ಒಂದೇ ಬೆಂಕಿ,
ಅಕ್ಕಿಕಾಳಿನಷ್ಟು ಕಾಣುತ್ತಿತ್ತು.

ಚೈನು ತರಲಾ, ಅಂದ ದಾಜಿ. ಎಳೆದು ಕೂರಿಸೋಣ?
ಬೇಡ. ಟೇಪು ಹಿಡಿ.
ಅದು ಎಲ್ಲಿ ನಿಂತಿದೆಯೋ ಅಲ್ಲಿಗೇ
ಹೊಸ ತುಂಡು ಅಳೆ, ಅಂದೆ.