ಹದಿಮೂರನೆಯ ಹೊಲಿಗೆ

ಬೆಳಗಿನ ಐದಕ್ಕೆ ಅಲಹುವೇಲಾದ ಬಸ್ಸು.
ಪೊವಾಸ್ ಬೆಟ್ಟ ರಾತ್ರಿ ಉಗುಳಿದ ಬೂದಿ
ಕಿಟಕಿಯ ಗಾಜಿನ ಮೇಲೆ ತೆಳ್ಳಗೆ.
ಯೊರ್ಲೆನಿ ಅದರಲ್ಲಿ ಬೆರಳಿಂದ ಒಂದು ಗೆರೆ ಎಳೆಯುತ್ತಾಳೆ,
ಇಳಿದ ಮೇಲೆ ಕೈ ತೊಳೆಯುತ್ತಾಳೆ, ಮೂರು ಸಲ.
ನಮ್ಮಲ್ಲಿ ಕೈ ಕೆಸರಾದರೆ
ಇಡೀ ದಿನದ ಕೆಲಸ ಕಸದ ಡಬ್ಬಿಗೆ.

ಬಿಳಿ ಕೋಣೆ.
ಕೂದಲು, ಗಡ್ಡ, ಉಸಿರು, ಎಲ್ಲಕ್ಕೂ ಮುಸುಕು.
ಸೂಕ್ಷ್ಮದರ್ಶಕದ ಕೆಳಗೆ ಒದ್ದೆಯಾಗಿ ಮಲಗಿದೆ
ಹಸುವಿನ ಹೃದಯದ ಹೊರಪೊರೆ,
ಈರುಳ್ಳಿ ಸಿಪ್ಪೆಗಿಂತ ತುಸು ದಪ್ಪ.
ಅದರಲ್ಲಿ ಕತ್ತರಿಸಿದ ಮೂರು ಎಸಳು,
ನಿಟಿನಾಲ್ ತಂತಿಯ ಒಂದು ಬುಟ್ಟಿ,
ನಡುವೆ ಸಾವಿರದ ಇನ್ನೂರು ಹೊಲಿಗೆ.
ಚಿತ್ರ ನನ್ನದು. ಅಳತೆ ನನ್ನದು.
ಕೆಳಗೆ ಸಹಿ, ತಾರೀಖು, ಆವೃತ್ತಿ ಏಳು.

ಹದಿಮೂರನೆಯದು ಬರುವುದಿಲ್ಲ, ಎಂದಳು.
ಬರುತ್ತದೆ, ಎಂದೆ. ಪರದೆಯ ಮೇಲೆ ತಿರುಗಿಸಿ ತೋರಿಸಿದೆ:
ಹಸಿರು, ಹಳದಿ, ಎಲ್ಲಿಯೂ ಕೆಂಪಿಲ್ಲ.
ಅವಳು ಪರದೆಯತ್ತ ನೋಡಲೇ ಇಲ್ಲ.
"ಇಂಜಿನಿಯರೇ, ನಿಮ್ಮ ಚಿತ್ರದಲ್ಲಿ ಸೂಜಿಯಿದೆ, ದಾರವಿದೆ.
ಕೈ ಎಲ್ಲಿ?
ಈ ಮೂಲೆಯಲ್ಲಿ ನನ್ನ ಹೆಬ್ಬೆರಳು ಎಲ್ಲಿ ನಿಲ್ಲಬೇಕು?"

ನಾನು ಕೊಳವೆಗಳನ್ನು ಓದಿದವನು.
ತೊಡೆಯ ನಾಳದಲ್ಲಿ ಹೊಕ್ಕು
ಮಹಾಪಧಮನಿಯ ಕಮಾನಿನಲ್ಲಿ ಬಾಗಿ
ಬಡಿಯುತ್ತಲೇ ಇರುವ ಆ ಬಾಗಿಲಿನ ತನಕ
ಒಂದು ಮೀಟರಿನ ದಾರಿ.
ತಳ್ಳಿದರೆ ಮಡಚಬಾರದು. ತಿರುವಿದರೆ ತಡಮಾಡಬಾರದು.
ಹಿಡಿಯಲ್ಲಿ ಕಾಲು ಸುತ್ತೆಂದರೆ ತುದಿಯಲ್ಲೂ ಕಾಲು ಸುತ್ತು.
ಉಕ್ಕಿನ ಎಳೆಗಳನ್ನು ಜಡೆ ಹೆಣೆದು, ಬಿಚ್ಚಿ, ಹೆಣೆದು
ಎರಡು ವರ್ಷ ಹೋಯಿತು.
ಬೈಸಿಕೊಂಡ ಮಗುವಿನ ಹಾಗೆ
ತುದಿ ಮೊದಲು ಸುಮ್ಮನಿರುತ್ತದೆ,
ಆಮೇಲೆ ಒಮ್ಮೆಲೇ ಚಾಟಿ.

ಬುಟ್ಟಿಯನ್ನು ಐಸ್ ನೀರಿನಲ್ಲಿ ಅದ್ದಿ
ಪೆನ್ಸಿಲ್ಲಿನಷ್ಟಾಗುವಂತೆ ಹಿಸುಕಿ ಕೊಳವೆಗೆ ತುಂಬುತ್ತೇವೆ.
ಮೈಯ ಬಿಸಿ ತಾಗಿದರೆ ಅದಕ್ಕೆ ತನ್ನ ಆಕಾರ ನೆನಪಾಗುತ್ತದೆ.
ಆ ದಿನ ನಾವೆಲ್ಲ ಗಾಜಿನ ತೊಟ್ಟಿಯ ಸುತ್ತ;
ಸಿಲಿಕೋನ್ ಹೃದಯ, ಬೆಚ್ಚಗಿನ ಉಪ್ಪುನೀರು.
ಬುಟ್ಟಿ ಅರಳಿತು. ಎಸಳು ಮುಚ್ಚಿತು, ತೆರೆಯಿತು, ಮುಚ್ಚಿತು.
ಚಪ್ಪಾಳೆ ಶುರುವಾಗುವ ಮೊದಲೇ
ಒಂದು ದಾರದ ತುದಿ ನೀರಿನಲ್ಲಿ ಕೂದಲಿನಂತೆ ಅಲೆಯಿತು.
ಎಣಿಸಿದೆವು.
ಹದಿಮೂರು.

ಭಾನುವಾರ ಅವಳ ಮನೆಗೆ ಹೋದೆ, ಕ್ಷಮೆ ಕೇಳಲೆಂದಲ್ಲ,
ಹಾಗಂತ ಹೇಳಿಕೊಂಡೆ.
ಮರದ ಚೌಕಟ್ಟಿಗೆ ತೂಗುಬಿಟ್ಟ ಬಟ್ಟೆಯ ಚೀಲ,
ಕಾಫಿ ಕುಡಿದು ಕುಡಿದು ಕಪ್ಪಾದದ್ದು,
ಅವಳ ತಾಯಿ ದೋನ್ಯ ಅದೀಲಿಯಾ ಹೊಲಿದದ್ದು.
ಮುದುಕಿ ಕುದಿನೀರು ಸುರಿದಳು.
ಚೀಲದ ಕೊರಳಿನಲ್ಲಿ ಹೊಲಿಗೆ ನೇರ ಹೋಗದೆ
ಒಂದು ಕಡೆ ಹಿಂದೆ ಸರಿದು
ತನ್ನನ್ನೇ ದಾಟಿ ಮುಂದೆ ಹೋಗಿತ್ತು.
"ಭಾರ ಬೀಳುವ ಜಾಗ," ಎಂದಳು,
"ಅಲ್ಲಿ ಒಂದು ಹೆಜ್ಜೆ ಹಿಂದೆ ಬರಬೇಕು."
ಅಂಗಡಿ ಚೀಟಿಯ ಹಿಂಬದಿಗೆ ಬರೆದುಕೊಂಡೆ. ಕಾಫಿ ಆರಿಹೋಯಿತು.

ಆವೃತ್ತಿ ಎಂಟು.
ಬದಲಾವಣೆಯ ಕಾರಣ ಎಂಬ ಚೌಕದಲ್ಲಿ
ಕಾಫಿ ಚೀಲ ಎಂದು ಬರೆಯಲು
ಗುಣಮಟ್ಟ ವಿಭಾಗದ ಶೀನಿಯಾ ಬಿಡಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ನನ್ನ ಕವಾಟ ಹಾಗಲ್ಲ. ಮುಕ್ಕಾಲು ಅರಳಿದ ಮೇಲೂ
ಹಿಡಿಯ ಚಕ್ರ ಹಿಂದಕ್ಕೆ ತಿರುವಿದರೆ
ಮುದುರಿಕೊಂಡು ಒಳಗೆ ಬರುತ್ತದೆ.
ಜಾಗ ತಪ್ಪಿತೇ, ಇನ್ನೊಮ್ಮೆ.
ಕೊನೆಯ ಕೊಕ್ಕೆ ಬಿಟ್ಟ ಮೇಲೆ ಮಾತ್ರ
ಅದು ನಮ್ಮದಲ್ಲ.
ಅಂದು ನಾನು ಅಂದ ಆ ಒಂದು "ಬರುತ್ತದೆ"ಗೆ
ಅಂಥ ಚಕ್ರವಿರಲಿಲ್ಲ.

ಮೊನ್ನೆ ಮೊದಲ ಪೆಟ್ಟಿಗೆ ಹೊರಟಿತು.
ಮೇಲೆ ಅಂಕಿಗಳಿವೆ, ಹೆಸರಿಲ್ಲ.
ಯಾರಿಗೆ ಎಂದು ಯೊರ್ಲೆನಿ ಕೇಳಲಿಲ್ಲ.
ಎಡಗೈಯವಳು; ಅವಳ ಗಂಟುಗಳೆಲ್ಲ ಎಡಕ್ಕೆ ವಾಲುತ್ತವೆ,
ನಿಯಮದೊಳಗೇ, ಕೂದಲೆಳೆಯಷ್ಟು.
ಯಾವುದೋ ಊರಿನಲ್ಲಿ ಯಾರೋ ಒಬ್ಬರು
ನಡುಮೆಟ್ಟಿಲಲ್ಲಿ ಕಂಬಿ ಹಿಡಿದು ನಿಲ್ಲುವುದನ್ನು
ಇವತ್ತು ಮರೆತಿರಬಹುದು.
ಮೇಲೆ ಹೋಗಿ, ಯಾಕೆ ಹತ್ತಿದೆನೆಂದು
ಯೋಚಿಸುತ್ತಿರಬಹುದು.